ಸ್ಯಾಂಡಿಯದಾ, ಪ್ಲ್ಯಾಂಕ್ಟನ್‌ದಾ, ಹಳೆಯದೇ ಸಾಕಾ? ಸ್ಪಾಂಜ್‌ಬಾಬ್ ಸಿನಿಮಾಗಳಲ್ಲಿ ಯಾವುದನ್ನು ನೋಡೋದು

ಸ್ಪಾಂಜ್‌ಬಾಬ್ ಎಂಬ ಸ್ಪಂಜಿನ ಕಾರ್ಟೂನ್ ಸರಣಿಯಲ್ಲಿ ಬರುವ ಸ್ಯಾಂಡಿ ಚೀಕ್ಸ್ ಅಂದರೆ ನನಗೆ ಮೊದಲು ನೆನಪಾಗುವುದು ಅವಳ ಗಾಜಿನ ಹೆಲ್ಮೆಟ್. ಸಮುದ್ರದ ತಳದಲ್ಲಿ ಒಂದು ಅಳಿಲು. ಮೈಗೆ ಬಿಳಿ ಸೂಟು, ತಲೆಯ ಸುತ್ತ ಗಾಳಿ ತುಂಬಿದ ಗೋಳ. ಅಕ್ಕಪಕ್ಕದವರೆಲ್ಲ ಮೀನು, ಏಡಿ, ಸ್ಪಂಜು, ನಕ್ಷತ್ರಮೀನು. ನೆಲದಿಂದ ಬಂದವಳು ಅವಳೊಬ್ಬಳೇ. ಆದರೂ ಅವರೆಲ್ಲರಿಗಿಂತ ಗಟ್ಟಿಗಿತ್ತಿ. ಕರಾಟೆ ಗೊತ್ತು, ವಿಜ್ಞಾನ ಗೊತ್ತು, ಯಾರಿಗೂ ಸೊಪ್ಪು ಹಾಕುವವಳಲ್ಲ.

ಹಾಗಾಗಿ 2024ರ ಆಗಸ್ಟ್ 2ರಂದು ನೆಟ್‌ಫ್ಲಿಕ್ಸ್‌ನಲ್ಲಿ ಅವಳದೇ ಸಿನಿಮಾ ಬಂದಾಗ ನನಗೆ ತುಂಬಾ ಖುಷಿಯಾಗಿತ್ತು. ಹೆಸರು 'ಸೇವಿಂಗ್ ಬಿಕಿನಿ ಬಾಟಮ್: ದಿ ಸ್ಯಾಂಡಿ ಚೀಕ್ಸ್ ಮೂವಿ'. ಸರಣಿ ಶುರುವಾಗಿದ್ದು 1999ರಲ್ಲಿ. ಇಪ್ಪತ್ತೈದು ವರ್ಷ ಇನ್ನೊಬ್ಬನ ಕಥೆಯಲ್ಲಿ ಪಕ್ಕದಲ್ಲಿ ನಿಂತವಳಿಗೆ ಕೊನೆಗೂ ಒಂದು ಕಥೆ ಸಿಕ್ಕಿತಲ್ಲ ಅನ್ನಿಸಿತು. ಸಿನಿಮಾ ಮುಗಿದಾಗ ಆ ಖುಷಿ ಉಳಿದಿರಲಿಲ್ಲ. ಎಲ್ಲೋ ಏನೋ ತಪ್ಪಿದೆ ಅನ್ನಿಸಿತು. ಏನು ಅಂತ ತಿಳಿಯಲು ಇನ್ನೊಂದು ಸಲ ನೋಡಿದೆ. ಸರಣಿಯ ಖಳನಾಯಕ ಪ್ಲ್ಯಾಂಕ್ಟನ್‌ನ ಸಿನಿಮಾ ನೋಡಿದೆ. ಹಳೆಯ ಸಿನಿಮಾಗಳನ್ನೂ ಹಳೆಯ ಎಪಿಸೋಡ್‌ಗಳನ್ನೂ ತೆಗೆದು ಕೂತೆ.

ಅಷ್ಟೆಲ್ಲ ನೋಡಿದ ಮೇಲೆ ಬರೆದದ್ದು ಇದು. ನಿಮ್ಮ ಹತ್ತಿರ ಒಂದೇ ಒಂದು ಸಂಜೆ ಇದೆ, ಈ ಲೋಕದಿಂದ ಒಂದನ್ನು ಆರಿಸಬೇಕು ಅಂದರೆ ಯಾವುದನ್ನು ಆರಿಸಬಹುದು? ಎಲ್ಲರಿಗೂ ಒಂದೇ ಉತ್ತರ ಇಲ್ಲ. ನೋಡುವವರು ಯಾರು, ಯಾರನ್ನು ನೋಡಲು ಕೂರುತ್ತಿದ್ದಾರೆ ಎನ್ನುವುದರ ಮೇಲೆ ಅದು ಬದಲಾಗುತ್ತದೆ.

ಮೊದಲು ಸ್ಯಾಂಡಿಯ ಸಿನಿಮಾ

ಕಥೆ ಇಷ್ಟು. ಸ್ಪಾಂಜ್‌ಬಾಬ್ ಇರುವ ಊರು ಬಿಕಿನಿ ಬಾಟಮ್. ಆ ಊರನ್ನೇ ಯಾರೋ ಸಮುದ್ರದಿಂದ ಬಾಚಿ ಎತ್ತಿಕೊಂಡು ಹೋಗುತ್ತಾರೆ. ಸ್ಯಾಂಡಿ ಮತ್ತು ಸ್ಪಾಂಜ್‌ಬಾಬ್ ಅದನ್ನು ಹುಡುಕಿಕೊಂಡು ಟೆಕ್ಸಾಸ್‌ಗೆ ಹೊರಡುತ್ತಾರೆ. ಅದು ಸ್ಯಾಂಡಿ ಹುಟ್ಟಿದ ನೆಲ. ಅಲ್ಲಿ ಅವಳ ಮನೆಯವರು ಸಿಗುತ್ತಾರೆ. ಅವರದು ಸರ್ಕಸ್ ಕುಟುಂಬ. ಕಳ್ಳತನದ ಹಿಂದೆ ಇರುವುದು ಒಂದು ಸಮುದ್ರ ಪ್ರಯೋಗಾಲಯದ ಮುಖ್ಯಸ್ಥೆ. ಸಮುದ್ರದ ಜೀವಿಗಳ ತದ್ರೂಪಿಗಳನ್ನು ಮಾಡಿ ಸಾಕುಪ್ರಾಣಿಗಳಾಗಿ ಮಾರುವುದು ಅವಳ ಉಪಾಯ. ಆ ಪಾತ್ರ ಮಾಡಿದವರು ವಾಂಡಾ ಸೈಕ್ಸ್. ಪಾತ್ರದ ಹೆಸರು ಸೂ ನಾಮಿ. ಇಂಗ್ಲಿಷ್‌ನಲ್ಲಿ ಅದು ಸುನಾಮಿಯ ಹಾಗೆ ಕೇಳಿಸುತ್ತದೆ. ಸಮುದ್ರದಿಂದ ಊರನ್ನೇ ಎತ್ತಿಕೊಂಡು ಹೋಗುವವಳಿಗೆ ಒಳ್ಳೆಯ ಹೆಸರು. ಸರಣಿಯ ಹಳೆಯ ತಮಾಷೆಯ ವಾಸನೆ ಅಲ್ಲಿ ಇದೆ.

ಚಿತ್ರ ನಿಜವಾದ ಮನುಷ್ಯರನ್ನೂ ಕಂಪ್ಯೂಟರ್ ಅನಿಮೇಷನ್ ಪಾತ್ರಗಳನ್ನೂ ಬೆರೆಸುತ್ತದೆ. ನಿರ್ದೇಶನ ಲೈಜಾ ಜಾನ್ಸನ್ ಅವರದು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಸ್ಯಾಂಡಿಯ ದನಿ ಅದೇ ಹಳೆಯ ದನಿ. ಕ್ಯಾರೊಲಿನ್ ಲಾರೆನ್ಸ್ 1999ರಿಂದಲೂ ಅವಳಿಗೆ ದನಿ ಕೊಡುತ್ತಿದ್ದಾರೆ. ಇಲ್ಲಿ ಅವರಿಗೆ ಮಾತಾಡಲು, ಬೇಜಾರಾಗಲು, ಸಿಟ್ಟಾಗಲು ಜಾಗ ಸಿಕ್ಕಿದೆ. ಅವರು ಅದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ವಾಂಡಾ ಸೈಕ್ಸ್ ಕೂಡ ಮನಸ್ಸಿಟ್ಟು ಮಾಡಿದ್ದಾರೆ. ಚಿಕ್ಕ ಮಕ್ಕಳಿಗೆ ಬಣ್ಣ ಇದೆ, ಓಟ ಇದೆ, ಬೀಳುವುದು ಏಳುವುದು ಎಲ್ಲ ಇದೆ. ಆರೇಳು ವರ್ಷದ ಮಗು ಪೂರ್ತಿ ಕೂತು ನೋಡುತ್ತದೆ ಅಂತ ನಾನು ನಂಬುತ್ತೇನೆ.

ಹಾಗಾದರೆ ತಪ್ಪಿದ್ದು ಎಲ್ಲಿ?

ಸ್ಯಾಂಡಿ ಯಾಕೆ ಸ್ಯಾಂಡಿ ಅಂತ ಸ್ವಲ್ಪ ಯೋಚನೆ ಮಾಡಿ. ಅವಳು ಸಮುದ್ರದಲ್ಲಿ ಇರುವುದರಿಂದ, ಅಲ್ವಾ? ನೀರಿನ ಒಳಗೆ ಒಂದು ಗಾಜಿನ ಗುಮ್ಮಟ ಕಟ್ಟಿಕೊಂಡು, ಅದರೊಳಗೆ ಒಂದು ಮರ ಇಟ್ಟುಕೊಂಡು, ಒಬ್ಬಳೇ ಬದುಕುವ ಧೈರ್ಯ ಅವಳದು. ಹೊರಗೆ ಕಾಲಿಟ್ಟರೆ ಹೆಲ್ಮೆಟ್ ಬೇಕು. ಪ್ರತಿ ದಿನವೂ ಪರಕೀಯಳು, ಆದರೂ ಪ್ರತಿ ದಿನವೂ ಊರಿನವಳು. ಆ ಎಳೆದಾಟದಿಂದ ಅವಳ ತಮಾಷೆ ಹುಟ್ಟುತ್ತದೆ. ಅವಳ ಬೇಸರವೂ ಅಲ್ಲಿಂದಲೇ ಬರುತ್ತದೆ.

ಸಿನಿಮಾ ಅವಳನ್ನು ಟೆಕ್ಸಾಸ್‌ಗೆ ಕರೆದುಕೊಂಡು ಹೋಗುತ್ತದೆ. ನೆಲದ ಮೇಲೆ ಅಳಿಲಿಗೆ ಹೆಲ್ಮೆಟ್ ಯಾಕೆ? ಅಲ್ಲಿ ಅವಳ ಸುತ್ತ ಅಳಿಲುಗಳೇ ಇವೆ. ಅಪ್ಪ ಅಮ್ಮ ಒಡಹುಟ್ಟಿದವರು ಎಲ್ಲರೂ ಅವಳ ಹಾಗೆಯೇ ಮಾತಾಡುತ್ತಾರೆ, ಅವಳ ಹಾಗೆಯೇ ಹಾರುತ್ತಾರೆ. ಅವಳನ್ನು ಬೇರೆ ಮಾಡಿ ತೋರಿಸುತ್ತಿದ್ದದ್ದು ಒಂದೂ ಉಳಿಯುವುದಿಲ್ಲ. ನಾಯಕಿ ಮಾಡುತ್ತೇವೆ ಅಂತ ಹೊರಟು ಅವಳನ್ನು ಗುಂಪಿನಲ್ಲಿ ಒಬ್ಬಳನ್ನಾಗಿ ಮಾಡಿದ್ದಾರೆ. ನನಗೆ ನಿಜವಾಗಿ ನೋವಾಗಿದ್ದು ಇಲ್ಲಿ.

ಇನ್ನೊಂದು ವಿಷಯ. ಸರಣಿಯಲ್ಲಿ ಸ್ಯಾಂಡಿ ಸಮುದ್ರಕ್ಕೆ ಬಂದು ಸಂಶೋಧನೆ ಮಾಡುವುದು ಚಿಂಪಾಂಜಿ ವಿಜ್ಞಾನಿಗಳಿಗಾಗಿ. 'ಚಿಂಪ್ಸ್ ಅಹೋಯ್' ಎಂಬ ಎಪಿಸೋಡ್‌ನಲ್ಲಿ ಆ ಚಿಂಪಾಂಜಿಗಳು ಅವಳ ಕೆಲಸ ನೋಡಲು ಬರುತ್ತವೆ. ಹೊಸ ಸಿನಿಮಾದಲ್ಲಿ ಅವಳನ್ನು ಕಳಿಸಿದ್ದು ಈ ಕೆಟ್ಟ ಪ್ರಯೋಗಾಲಯ ಅಂತ ಬದಲಾಯಿಸಿದ್ದಾರೆ. ಹಿಂದಿನ ಕಥೆ ಬದಲಾಯಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಈ ಸರಣಿ ತನ್ನ ಮಾತನ್ನು ತಾನೇ ಎಷ್ಟೋ ಸಲ ಮುರಿದಿದೆ. ಆದರೆ ಈ ಬದಲಾವಣೆಯಿಂದ ಹೊಸದಾಗಿ ಏನಾದರೂ ಸಿಗಬೇಕಿತ್ತು. ತಾನು ಪ್ರೀತಿಯಿಂದ ಮಾಡಿದ ಕೆಲಸವೇ ತನ್ನ ಊರಿಗೆ ಕುತ್ತಾಯಿತು ಅಂತ ಅವಳಿಗೆ ಗೊತ್ತಾಗುತ್ತದೆ. ಅದು ದೊಡ್ಡ ಸಂಕಟ. ಸಿನಿಮಾ ಅದರ ಹತ್ತಿರ ಹೋಗಿ, ನಿಲ್ಲದೆ ಮುಂದಿನ ಓಟಕ್ಕೆ ಹಾರಿಬಿಡುತ್ತದೆ. ಆ ಜಾಗದಲ್ಲಿ ಎರಡು ನಿಮಿಷ ಸುಮ್ನೆ ನಿಂತಿದ್ದರೆ ಸಾಕಿತ್ತು.

ಸ್ಪಾಂಜ್‌ಬಾಬ್‌ನ ಗತಿಯೂ ಅಷ್ಟೇ. ಅವನು ಇಲ್ಲಿ ಜೊತೆಗಾರ. ಆದರೆ ಸಿನಿಮಾಕ್ಕೆ ಅವನನ್ನು ಬಿಡಲು ಧೈರ್ಯ ಇಲ್ಲ. ಹಾಗಾಗಿ ಸ್ಯಾಂಡಿಯ ದೃಶ್ಯಗಳ ಮಧ್ಯೆ ಅವನ ತಮಾಷೆಗಳು ಬಂದು ಬಂದು ಹೋಗುತ್ತವೆ. ಸ್ಯಾಂಡಿ ತನ್ನ ಮನೆಯವರ ಎದುರು ನಿಂತಾಗ ನನಗೆ ಅವಳ ಮುಖ ನೋಡಬೇಕು ಅನ್ನಿಸುತ್ತಿತ್ತು. ಕಥೆ ಅಷ್ಟರಲ್ಲಿ ಬೇರೆ ಕಡೆ ಓಡಿರುತ್ತಿತ್ತು.

ಪ್ಲ್ಯಾಂಕ್ಟನ್‌ನ ಸಿನಿಮಾ ಯಾಕೆ ಹೆಚ್ಚು ನಿಲ್ಲುತ್ತದೆ

ಏಳು ತಿಂಗಳ ನಂತರ, 2025ರ ಮಾರ್ಚ್ 7ರಂದು, ಅದೇ ನೆಟ್‌ಫ್ಲಿಕ್ಸ್‌ನಲ್ಲಿ 'ಪ್ಲ್ಯಾಂಕ್ಟನ್: ದಿ ಮೂವಿ' ಬಂತು. ನಿರ್ದೇಶಕ ಡೇವ್ ನೀಡ್‌ಹ್ಯಾಮ್. ಇದೂ ಕಂಪ್ಯೂಟರ್ ಅನಿಮೇಷನ್, ಇದೂ ಸ್ಪಿನ್-ಆಫ್, ಅಂದರೆ ಪಕ್ಕದ ಪಾತ್ರವೊಂದಕ್ಕೆ ಮಾಡಿದ ಬೇರೆ ಸಿನಿಮಾ. ಹಿಂದಿನದರಿಂದ ಬೇಸರವಾಗಿದ್ದ ನಾನು ಏನೂ ನಿರೀಕ್ಷೆ ಇಟ್ಟುಕೊಳ್ಳದೆ ನೋಡಿದೆ. ಇದು ಚೆನ್ನಾಗಿದೆ. ಪೂರ್ತಿ ಅಲ್ಲ, ಆದರೆ ಚೆನ್ನಾಗಿದೆ.

ಪ್ಲ್ಯಾಂಕ್ಟನ್ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಒಂದೇ ಕಣ್ಣು. ಎದುರಿನ ಹೋಟೆಲಿನ ಮಾಲೀಕ ಮಿಸ್ಟರ್ ಕ್ರ್ಯಾಬ್ಸ್‌ನಿಂದ ಕ್ರ್ಯಾಬಿ ಪ್ಯಾಟಿ ಎಂಬ ಬರ್ಗರ್‌ನ ಗುಟ್ಟನ್ನು ಕದಿಯುವುದು ಅವನ ಇಡೀ ಬದುಕು. ಅವನ ಹೆಂಡತಿ ಕ್ಯಾರೆನ್ ಒಂದು ಕಂಪ್ಯೂಟರ್. ಅವಳು ಅವನಿಗಿಂತ ಜಾಣೆ. ಅವನ ಉಪಾಯಗಳು ಯಾಕೆ ಕೆಡುತ್ತವೆ ಅಂತ ಅವಳಿಗೆ ಮೊದಲೇ ಗೊತ್ತಿರುತ್ತದೆ. ಅವನು ಕೇಳುವುದಿಲ್ಲ, ಅಷ್ಟೆ.

ಸಿನಿಮಾ ಹಿಡಿದುಕೊಂಡಿದ್ದು ಇದೇ ಎಳೆಯನ್ನು. ಕ್ಯಾರೆನ್‌ಗೆ ಸಾಕಾಗುತ್ತದೆ. ಅವನನ್ನು ಬಿಟ್ಟು ತಾನೇ ಲೋಕವನ್ನು ನಾಶ ಮಾಡಲು ಹೊರಡುತ್ತಾಳೆ. ಈಗ ಪ್ಲ್ಯಾಂಕ್ಟನ್ ಲೋಕವನ್ನು ಉಳಿಸಬೇಕು, ಅದೂ ಸ್ಪಾಂಜ್‌ಬಾಬ್‌ನ ಸಹಾಯ ತೆಗೆದುಕೊಂಡು. ಇಲ್ಲಿ ಹೊಸದಾಗಿ ತಂದು ಸೇರಿಸಿದ್ದು ಕಡಿಮೆ. ಗಂಡ ಹೆಂಡತಿಯ ಜಗಳ ಸರಣಿಯಲ್ಲಿ ಇಪ್ಪತ್ತೈದು ವರ್ಷದಿಂದ ಮೂಲೆಯಲ್ಲಿ ನಡೆಯುತ್ತಲೇ ಇತ್ತು. ಸಿನಿಮಾ ಆ ಮೂಲೆಗೆ ದೀಪ ಹಿಡಿಯಿತು. 'ನೀನು ನನ್ನ ಮಾತು ಯಾವತ್ತಾದರೂ ಕೇಳಿದ್ದೀಯಾ?' ಅನ್ನುವ ಪ್ರಶ್ನೆ ಇಡೀ ಕಥೆಯನ್ನು ಹೊರುತ್ತದೆ. ದೊಡ್ಡವರಿಗೂ ತಟ್ಟುವ ಪ್ರಶ್ನೆ ಅದು.

ದನಿ ಕೊಟ್ಟವರ ವಿಷಯ ಬಂದಾಗ ಒಂದು ಮಾತು. ಕ್ಯಾರೆನ್‌ಗೆ ದನಿ ಕೊಡುವ ಜಿಲ್ ಟ್ಯಾಲಿ, ಸ್ಪಾಂಜ್‌ಬಾಬ್‌ಗೆ ದನಿ ಕೊಡುವ ಟಾಮ್ ಕೆನಿ ಅವರ ಹೆಂಡತಿ. ಇದನ್ನು ತಿಳಿದುಕೊಂಡು ನೋಡಿದರೆ ಇಬ್ಬರೂ ಎದುರುಬದುರಾಗುವ ಜಾಗಗಳು ಇನ್ನಷ್ಟು ಇಷ್ಟವಾಗುತ್ತವೆ.

ಕೊರತೆಗಳು ಇವೆ. ಕೊನೆಯ ಭಾಗದಲ್ಲಿ ಗದ್ದಲ ಜಾಸ್ತಿ. ಎಲ್ಲ ಹಾಡುಗಳೂ ನೆನಪಿನಲ್ಲಿ ಉಳಿಯುವುದಿಲ್ಲ. ಆದರೆ ಪಾತ್ರವನ್ನು ಅದರ ಜಾಗದಿಂದ ಕಿತ್ತಿಲ್ಲ. ಪ್ಲ್ಯಾಂಕ್ಟನ್ ಇಲ್ಲೂ ಸಣ್ಣವನೇ, ಸೋಲುವವನೇ, ಹಟಮಾರಿಯೇ. ಎರಡು ಸ್ಪಿನ್-ಆಫ್‌ಗಳಲ್ಲಿ ಒಂದನ್ನು ಮಾತ್ರ ನೋಡುತ್ತೀರಾದರೆ, ಇದನ್ನೇ ನೋಡಿ. ನನಗೆ ಸ್ಯಾಂಡಿ ಪ್ಲ್ಯಾಂಕ್ಟನ್‌ಗಿಂತ ಎಷ್ಟೋ ಪಾಲು ಇಷ್ಟ. ಅದಕ್ಕೇ ಹೀಗೆ ಬರೆಯಲು ಕಷ್ಟವಾಗುತ್ತಿದೆ.

ನೆಲಕ್ಕೆ ಹೋಗಿದ್ದೇ ತಪ್ಪಾ? 2004 ಮತ್ತು 2015ರ ಸಿನಿಮಾಗಳು

ಇಲ್ಲಿ ನನ್ನ ವಾದಕ್ಕೆ ನಾನೇ ಒಂದು ಪ್ರಶ್ನೆ ಹಾಕಿಕೊಳ್ಳಬೇಕು. ಹಿಂದಿನ ಸಿನಿಮಾಗಳಲ್ಲೂ ಪಾತ್ರಗಳು ನೀರಿನಿಂದ ಹೊರಗೆ ಬರುತ್ತವೆ. ಅವು ಯಾಕೆ ಚೆನ್ನಾಗಿವೆ?

ಮೊದಲ ಸಿನಿಮಾ ಬಂದದ್ದು 2004ರ ನವೆಂಬರ್ 19ರಂದು. ಸರಣಿಯನ್ನು ಹುಟ್ಟುಹಾಕಿದ ಸ್ಟೀಫನ್ ಹಿಲೆನ್‌ಬರ್ಗ್ ಅವರೇ ನಿರ್ದೇಶಿಸಿದ್ದರು. ಅವರು ಅನಿಮೇಷನ್‌ಗೆ ಬರುವ ಮೊದಲು ಕ್ಯಾಲಿಫೋರ್ನಿಯಾದ ಡೇನಾ ಪಾಯಿಂಟ್‌ನಲ್ಲಿ ಸಮುದ್ರ ಜೀವಶಾಸ್ತ್ರ ಕಲಿಸುತ್ತಿದ್ದರು. ಉಬ್ಬರ ಇಳಿತದ ನಡುವೆ ಬಂಡೆಗಳಲ್ಲಿ ಬದುಕುವ ಜೀವಿಗಳ ಬಗ್ಗೆ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕವನ್ನೂ ಬರೆದಿದ್ದರು. ಸ್ಪಾಂಜ್‌ಬಾಬ್‌ನ ಬೀಜ ಇದ್ದದ್ದು ಅಲ್ಲಿ. ಹಾಗಾಗಿ ನೀರು ಎಲ್ಲಿ ಮುಗಿಯುತ್ತದೆ, ಅದು ಮುಗಿದರೆ ಏನಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಸಿನಿಮಾದಲ್ಲಿ ರಾಜ ನೆಪ್ಚೂನ್‌ನ ಕಿರೀಟ ಕಳವಾಗುತ್ತದೆ. ಅದನ್ನು ತರಲು ಸ್ಪಾಂಜ್‌ಬಾಬ್ ಮತ್ತು ಅವನ ಗೆಳೆಯ, ನಕ್ಷತ್ರಮೀನು ಪ್ಯಾಟ್ರಿಕ್, ಶೆಲ್ ಸಿಟಿ ಎಂಬ ಭಯಂಕರ ಜಾಗಕ್ಕೆ ಹೊರಡುತ್ತಾರೆ. ಕೊನೆಗೆ ಗೊತ್ತಾಗುವುದೇನೆಂದರೆ, ಶೆಲ್ ಸಿಟಿ ಅಂದರೆ ದಡದ ಮೇಲಿನ ಒಂದು ಅಂಗಡಿ. ಸತ್ತ ಸಮುದ್ರ ಜೀವಿಗಳನ್ನು ಒಣಗಿಸಿ, ಆಟಿಕೆ ಮಾಡಿ ಮಾರುವ ಅಂಗಡಿ. ಅಲ್ಲಿ ಬಿಸಿ ದೀಪದ ಕೆಳಗೆ ಇಬ್ಬರೂ ಒಣಗಿ ಸಾಯುವ ಹಂತಕ್ಕೆ ಬರುತ್ತಾರೆ. ಇಬ್ಬರ ಕಣ್ಣೀರು ಸೇರಿ ಹೃದಯದ ಆಕಾರದ ಒಂದು ಹನಿಯಾಗಿ ಹರಿದು ದೀಪದ ತಂತಿಗೆ ತಾಗುತ್ತದೆ. ದೀಪ ಸುಟ್ಟು ಹೊಗೆ ಏಳುತ್ತದೆ. ಬೆಂಕಿ ಆರಿಸುವ ನೀರು ಮೇಲಿನಿಂದ ಸುರಿಯುತ್ತದೆ. ಇಬ್ಬರೂ ಬದುಕುತ್ತಾರೆ. ನೀರಿನಿಂದ ತೆಗೆದ ಮೀನಿನ ಪಾಡು ಏನು ಅಂತ ಇದಕ್ಕಿಂತ ಚೆನ್ನಾಗಿ ಒಂದು ಕಾರ್ಟೂನ್ ತೋರಿಸಿದ್ದನ್ನು ನಾನು ನೋಡಿಲ್ಲ. ನೆಲ ಇಲ್ಲಿ ಅಪಾಯ. ಪಾತ್ರಗಳು ತಮ್ಮದಲ್ಲದ ಜಾಗದಲ್ಲಿ ನಿಂತಿವೆ. ಅದಕ್ಕೇ ನಮಗೆ ಉಸಿರು ಕಟ್ಟುತ್ತದೆ.

ಒಳಗಿನ ಕಥೆಯೂ ಗಟ್ಟಿ. ಹೊಸ ಹೋಟೆಲಿನ ಮ್ಯಾನೇಜರ್ ಕೆಲಸ ತನಗೇ ಸಿಗುತ್ತದೆ ಅಂತ ಸ್ಪಾಂಜ್‌ಬಾಬ್ ನಂಬಿರುತ್ತಾನೆ. ಸಿಗುವುದು ಅವನ ಜೊತೆ ಕೆಲಸ ಮಾಡುವ ಸ್ಕ್ವಿಡ್‌ವರ್ಡ್‌ಗೆ. 'ನೀನಿನ್ನೂ ಮಗು' ಎನ್ನುವುದೇ ಕಾರಣ. ಅವನು ಇಡೀ ದಾರಿಯಲ್ಲಿ ಹೊತ್ತು ತಿರುಗುವುದು ಆ ಮಾತನ್ನು. ಕೊನೆಗೆ ತಾನು ಮಗು ಎಂದು ಒಪ್ಪಿಕೊಂಡೇ ಗೆಲ್ಲುತ್ತಾನೆ. ಸುಮಾರು 3 ಕೋಟಿ ಡಾಲರ್‌ನಲ್ಲಿ ಮಾಡಿದ ಈ ಸಿನಿಮಾ ಜಗತ್ತಿನಾದ್ಯಂತ ಸುಮಾರು 14 ಕೋಟಿ ಡಾಲರ್ ಗಳಿಸಿತು. ಹಿಲೆನ್‌ಬರ್ಗ್ ಇದನ್ನೇ ಸರಣಿಯ ಕೊನೆ ಅಂದುಕೊಂಡಿದ್ದರು. ಹಾಗೆ ಆಗಲಿಲ್ಲ. ಅವರು ಸರಣಿಯ ಹೊಣೆಯನ್ನು ಪಾಲ್ ಟಿಬಿಟ್‌ಗೆ ಕೊಟ್ಟು ಹಿಂದೆ ಸರಿದರು. ಒಂದು ಬಾಗಿಲು ಮುಚ್ಚುವ ಮನಸ್ಸಿನಿಂದ ಮಾಡಿದ ಸಿನಿಮಾ ಅಂತ ನೋಡುವಾಗಲೇ ಗೊತ್ತಾಗುತ್ತದೆ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಸ್ಯಾಂಡಿಗೆ ಇಲ್ಲಿ ಹೆಚ್ಚು ಕೆಲಸ ಇಲ್ಲ.

2015ರ 'ಸ್ಪಾಂಜ್ ಔಟ್ ಆಫ್ ವಾಟರ್' ಬೇರೆ ತರಹದ್ದು. ನಿರ್ದೇಶಕರು ಅದೇ ಪಾಲ್ ಟಿಬಿಟ್. ಪೋಸ್ಟರ್ ನೋಡಿದರೆ ಇಡೀ ಸಿನಿಮಾ ನೆಲದ ಮೇಲೆ, ಕಂಪ್ಯೂಟರ್ ಅನಿಮೇಷನ್‌ನಲ್ಲಿ ಇದೆ ಅನ್ನಿಸುತ್ತದೆ. ನಿಜವಾಗಿ ಹೆಚ್ಚಿನ ಭಾಗ ಸರಣಿಯ ಹಾಗೆಯೇ ಚಪ್ಪಟೆ ಚಿತ್ರಗಳಲ್ಲಿ, ಬಿಕಿನಿ ಬಾಟಮ್‌ನಲ್ಲೇ ನಡೆಯುತ್ತದೆ. ಕ್ರ್ಯಾಬಿ ಪ್ಯಾಟಿಯ ಗುಟ್ಟು ಮಾಯವಾಗುತ್ತದೆ. ಕೆಲವೇ ಕ್ಷಣದಲ್ಲಿ ಊರು ಹುಚ್ಚಾಗುತ್ತದೆ. ಸ್ಪಾಂಜ್‌ಬಾಬ್ ಮತ್ತು ಪ್ಲ್ಯಾಂಕ್ಟನ್ ಒಂದಾಗಬೇಕಾಗುತ್ತದೆ. ಸ್ಯಾಂಡಿ ಇಲ್ಲಿ ತಲೆ ಕೆಟ್ಟು, ದೇವರಿಗೆ ಬಲಿ ಕೊಡಬೇಕು ಎಂದು ಊರನ್ನು ಎಬ್ಬಿಸುತ್ತಾಳೆ. ಅಷ್ಟು ಚಿಕ್ಕ ಜಾಗದಲ್ಲಿ ಅವಳು ಅಷ್ಟು ಜೀವಂತವಾಗಿದ್ದಾಳೆ. ನೆಲಕ್ಕೆ ಹೋಗುವುದು ಕೊನೆಯ ಭಾಗದಲ್ಲಿ ಮಾತ್ರ. ಅಲ್ಲಿ ಎಲ್ಲರೂ ಸೂಪರ್‌ಹೀರೋಗಳಾಗುತ್ತಾರೆ. ಸ್ಯಾಂಡಿ ಮಾತ್ರ ನಿಜವಾದ ಅಳಿಲಿನ ಹಾಗೆ ಕಾಣುತ್ತಾಳೆ. ನೆಲಕ್ಕೆ ಬಂದರೆ ಅವಳು ಬರೀ ಅಳಿಲು, ಅಲ್ವಾ? 2024ರ ಸಿನಿಮಾ ಗಮನಿಸದೇ ಹೋದ ವಿಷಯವನ್ನು ಇದು ಒಂದೇ ಚಿತ್ರದಲ್ಲಿ ಹೇಳಿಬಿಟ್ಟಿದೆ.

2020ರ 'ಸ್ಪಾಂಜ್ ಆನ್ ದಿ ರನ್' ಬಗ್ಗೆ ಹೆಚ್ಚು ಹೇಳುವುದಿಲ್ಲ. 2018ರ ನವೆಂಬರ್‌ನಲ್ಲಿ ಎಎಲ್‌ಎಸ್ ಎಂಬ ನರಗಳ ಕಾಯಿಲೆಯಿಂದ ತೀರಿಕೊಂಡ ಹಿಲೆನ್‌ಬರ್ಗ್‌ಗೆ ಅದನ್ನು ಅರ್ಪಿಸಿದ್ದಾರೆ. ನೋಡಲು ತುಂಬಾ ಚೆಂದ. ಗ್ಯಾರಿ ಬಸವನಹುಳುವನ್ನು ಕಳೆದುಕೊಂಡ ಸ್ಪಾಂಜ್‌ಬಾಬ್‌ನ ದುಃಖ ನಿಜವಾದದ್ದು. ಆದರೆ ಎಲ್ಲರೂ ಚಿಕ್ಕಂದಿನಲ್ಲೇ ಒಂದು ಶಿಬಿರದಲ್ಲಿ ಭೇಟಿಯಾಗಿದ್ದರು ಅಂತ ಅದು ಹೇಳುತ್ತದೆ. ಆ ಶಿಬಿರವನ್ನೇ ಇಟ್ಟುಕೊಂಡು 2021ರಲ್ಲಿ 'ಕ್ಯಾಂಪ್ ಕೋರಲ್' ಎಂಬ ಬೇರೆ ಸರಣಿ ಶುರುವಾಯಿತು. ಸ್ಯಾಂಡಿಯೂ ಆ ಶಿಬಿರದಲ್ಲಿ ಇದ್ದಳಂತೆ. ಅಂದರೆ ಸ್ಯಾಂಡಿ ಮತ್ತು ಸ್ಪಾಂಜ್‌ಬಾಬ್ ಮೊದಲ ಸಲ ಭೇಟಿಯಾಗುವ ಹಳೆಯ ಎಪಿಸೋಡನ್ನು ಅಳಿಸಿದ ಹಾಗಾಯಿತು. ಅದು ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹನ್ನೊಂದು ನಿಮಿಷದ ಎಪಿಸೋಡ್‌ಗಳು

ಸಿನಿಮಾ ಯಾವುದೂ ಬೇಡ, ಸರಣಿಯನ್ನೇ ನೋಡಿ ಅನ್ನುವುದು ಈ ಹೋಲಿಕೆಯಲ್ಲಿ ನನ್ನ ನಾಲ್ಕನೇ ಆಯ್ಕೆ. ಸ್ಯಾಂಡಿಯ ವಿಷಯದಲ್ಲಿ ಮಾತ್ರ ಇದೇ ಮೊದಲ ಆಯ್ಕೆ.

ಒಂದು ಎಪಿಸೋಡ್ ಸುಮಾರು ಹನ್ನೊಂದು ನಿಮಿಷ. ಆ ಅಳತೆಗೆ ಈ ಪಾತ್ರಗಳನ್ನು ಕಡೆದಿದ್ದಾರೆ. ಒಂದು ಆಸೆ, ಒಂದು ತಪ್ಪು, ಅದು ಉಬ್ಬಿ ಉಬ್ಬಿ ಒಡೆಯುವುದು, ಅಷ್ಟೆ. ಎಂಬತ್ತು ತೊಂಬತ್ತು ನಿಮಿಷಕ್ಕೆ ಎಳೆಯಬೇಕಾದಾಗ ಹೊಸ ಖಳನಾಯಕಿ ಬೇಕು, ಹೊಸ ಕುಟುಂಬ ಬೇಕು, ದೂರದ ಪ್ರಯಾಣ ಬೇಕು. ಇವೆಲ್ಲ ಬಂದು ಕೂತ ಮೇಲೆ ಪಾತ್ರಕ್ಕೆ ಜಾಗ ಎಲ್ಲಿ?

ಸ್ಯಾಂಡಿ ಮೊದಲು ಕಾಣಿಸಿಕೊಂಡದ್ದು 'ಟೀ ಅಟ್ ದಿ ಟ್ರೀಡೋಮ್' ಎಂಬ ಎಪಿಸೋಡ್‌ನಲ್ಲಿ, 1999ರ ಮೇ 1ರಂದು, ಸರಣಿ ಮೊದಲ ಸಲ ಪ್ರಸಾರವಾದ ದಿನವೇ. ಅವಳು ಒಂದು ದೊಡ್ಡ ಕಪ್ಪೆಚಿಪ್ಪಿನ ಜೊತೆ ಗುದ್ದಾಡುತ್ತಿರುತ್ತಾಳೆ. ಸ್ಪಾಂಜ್‌ಬಾಬ್ ಸಹಾಯಕ್ಕೆ ಹೋಗುತ್ತಾನೆ. ಇಬ್ಬರಿಗೂ ಕರಾಟೆ ಇಷ್ಟ ಅಂತ ಗೊತ್ತಾಗುತ್ತದೆ. ಅವಳು ಮನೆಗೆ ಕರೆಯುತ್ತಾಳೆ. ಮನೆಯಲ್ಲಿ ಗಾಳಿ ಇದೆ ಅನ್ನುತ್ತಾಳೆ. ಗಾಳಿ ಅಂದರೆ ಏನು ಅಂತ ಅವನಿಗೆ ಗೊತ್ತಿಲ್ಲ. ಕೇಳಲು ನಾಚಿಕೆ. ಒಳಗೆ ಹೋದ ಮೇಲೆ ಒಣಗುತ್ತಾ ಒಣಗುತ್ತಾ, ನೀರು ಬೇಡ ಬೇಡ ಅನ್ನುತ್ತಾ, ಸಭ್ಯನಾಗಿರಲು ಒದ್ದಾಡುತ್ತಾನೆ. ನಗು ಬರುತ್ತದೆ. ಜೊತೆಗೆ ಹೊಟ್ಟೆಯಲ್ಲಿ ಏನೋ ಹಿಡಿದ ಹಾಗೆ ಆಗುತ್ತದೆ. ಹೊಸ ಗೆಳತಿಯ ಮನೆಯಲ್ಲಿ 'ನನಗೆ ಕಷ್ಟವಾಗುತ್ತಿದೆ' ಎಂದು ಹೇಳಲಾಗದ ಆ ಸ್ಥಿತಿ ಯಾರಿಗೆ ಗೊತ್ತಿಲ್ಲ?

'ಪ್ರೆಷರ್' ಎರಡನೇ ಸೀಸನ್‌ನದು. ನೆಲದ ಪ್ರಾಣಿ ಮೇಲೋ ಸಮುದ್ರದ ಪ್ರಾಣಿ ಮೇಲೋ ಅಂತ ಸ್ಯಾಂಡಿಗೂ ಸ್ಪಾಂಜ್‌ಬಾಬ್‌ಗೂ ಜಗಳ. ಅವಳು ಹೆಲ್ಮೆಟ್ ಇಲ್ಲದೆ ನೀರಿನಲ್ಲಿ ಇರುತ್ತೇನೆ ಅನ್ನುತ್ತಾಳೆ. ಸ್ಪಾಂಜ್‌ಬಾಬ್ ಮತ್ತು ಅವನ ಗೆಳೆಯರು ನೀರಿಲ್ಲದೆ ದಡಕ್ಕೆ ಹೋಗುತ್ತಾರೆ. ಅಲ್ಲಿ ಕಡಲಹಕ್ಕಿಗಳು ಕಾದಿರುತ್ತವೆ. ಅವರನ್ನು ಬಿಡಿಸುವವಳು ಸ್ಯಾಂಡಿಯೇ. ನೆಲಕ್ಕೆ ಹೋಗಿ ಗೆಳೆಯರನ್ನು ಕಾಪಾಡುವ ಸ್ಯಾಂಡಿ! 2024ರ ಸಿನಿಮಾದ ಇಡೀ ಕಥೆ ಅದೇ ತಾನೆ? ಅದನ್ನು ಇವರು ಹನ್ನೊಂದು ನಿಮಿಷದಲ್ಲಿ ಮುಗಿಸಿದ್ದರು. ಇನ್ನೂ ಚೆನ್ನಾಗಿ ಮುಗಿಸಿದ್ದರು.

'ಟೆಕ್ಸಾಸ್' ನೋಡಿದರೆ ನನ್ನ ಬೇಸರ ನಿಮಗೆ ಪೂರ್ತಿ ಅರ್ಥವಾಗುತ್ತದೆ. ಸ್ಯಾಂಡಿಗೆ ಊರು ನೆನಪಾಗುತ್ತದೆ. ಗಿಟಾರ್ ಹಿಡಿದು ಒಂದು ಹಾಡು ಹಾಡುತ್ತಾಳೆ. ಊರಿಗೆ ಹೋಗಿಬಿಡುತ್ತೇನೆ ಅಂತ ಹೊರಡುತ್ತಾಳೆ. ಸ್ಪಾಂಜ್‌ಬಾಬ್ ಮತ್ತು ಪ್ಯಾಟ್ರಿಕ್ ಅವಳನ್ನು ನಿಲ್ಲಿಸಲು ಟೆಕ್ಸಾಸ್ ಅನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಅವಳು ಸಿಟ್ಟಿನಿಂದ ಅಟ್ಟಿಸಿಕೊಂಡು ಬರುತ್ತಾಳೆ, ಅವರ ಹೋಟೆಲಿನವರೆಗೂ. ಅಲ್ಲಿ ಎಲ್ಲರೂ ಸೇರಿ ಅವಳಿಗಾಗಿ ಟೆಕ್ಸಾಸ್ ತರಹವೇ ಅಲಂಕಾರ ಮಾಡಿ ಕಾದಿರುತ್ತಾರೆ. ಅವಳು ಉಳಿಯುತ್ತಾಳೆ. ಇಡೀ ಎಪಿಸೋಡ್‌ನಲ್ಲಿ ಯಾರೂ ಟೆಕ್ಸಾಸ್‌ಗೆ ಹೋಗುವುದಿಲ್ಲ. ಹೋಗದೇ ಇರುವುದರಿಂದಲೇ ಆ ಊರು ಅಷ್ಟು ದೊಡ್ಡದಾಗಿ ಕಾಣುತ್ತದೆ. ಮನಸ್ಸಿನಲ್ಲಿ ಇದ್ದ ಆ ಊರನ್ನು ಸಿನಿಮಾ ಒಂದು ವಿಳಾಸ ಮಾಡಿಬಿಟ್ಟಿತು.

ಇನ್ನು, ನಗುವುದಷ್ಟೇ ಬೇಕಾದರೆ 'ಸರ್ವೈವಲ್ ಆಫ್ ದಿ ಈಡಿಯಟ್ಸ್' ಸಾಕು. ಚಳಿಗಾಲದ ನಿದ್ದೆಯಲ್ಲಿರುವ ಸ್ಯಾಂಡಿಯ ಗುಮ್ಮಟದಲ್ಲಿ ಇಬ್ಬರು ಗೆಳೆಯರು ಸಿಕ್ಕಿಬೀಳುತ್ತಾರೆ. ಹೆಚ್ಚು ಹೇಳಿದರೆ ಕೆಡುತ್ತದೆ.

ಯಾರಿಗೆ ಯಾವುದು

ಈ ಲೋಕಕ್ಕೆ ಹೊಸಬರಾದರೆ 2004ರ ಸಿನಿಮಾದಿಂದ ಶುರು ಮಾಡಿ. ಹಿಂದಿನದು ಏನೂ ಗೊತ್ತಿರಬೇಕಾಗಿಲ್ಲ. ಒಂದೇ ಎಚ್ಚರಿಕೆ: ತುಂಬಾ ಚಿಕ್ಕ ಮಕ್ಕಳಿದ್ದರೆ ಒಣಗುವ ದೃಶ್ಯದಲ್ಲಿ ಪಕ್ಕದಲ್ಲಿ ಕೂತಿರಿ. ನಾಲ್ಕೈದು ವರ್ಷದವರಿಗೆ ಅದು ಭಾರವಾಗಬಹುದು.

ಮಕ್ಕಳು, ದೊಡ್ಡವರು ಎಲ್ಲ ಸೇರಿ ನಗಬೇಕು ಅಂದರೆ 2015ರದ್ದು. ಅದು ಜಗತ್ತಿನಾದ್ಯಂತ 32 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಯಾಕೆ ಅಂತ ನೋಡಿದರೆ ತಿಳಿಯುತ್ತದೆ. ಸರಣಿಯ ಅಭಿಮಾನಿಗಳಿಗೂ ಬೇಸರವಾಗುವುದಿಲ್ಲ, ಹೊಸಬರಿಗೂ ಕಷ್ಟವಾಗುವುದಿಲ್ಲ.

ಸರಣಿ ಚೆನ್ನಾಗಿ ಗೊತ್ತು, ಹೊಸದೇನಾದರೂ ಬೇಕು ಅನ್ನುವವರಿಗೆ ಪ್ಲ್ಯಾಂಕ್ಟನ್. ನೋಡುವ ಮೊದಲು ಮೊದಲ ಸೀಸನ್‌ನ 'ಎಫ್.ಯು.ಎನ್.' ಒಂದನ್ನು ನೋಡಿ. ಸ್ಪಾಂಜ್‌ಬಾಬ್ ಅವನನ್ನು ಗೆಳೆಯನನ್ನಾಗಿ ಮಾಡಿಕೊಳ್ಳಲು ಹೊರಡುವ ಎಪಿಸೋಡ್ ಅದು. ಸಿನಿಮಾದಲ್ಲಿ ಇಬ್ಬರೂ ಮತ್ತೆ ಒಂದಾಗುವಾಗ ಅದರ ತೂಕ ಬೇರೆಯೇ ಆಗುತ್ತದೆ.

ಸ್ಯಾಂಡಿಯ ಸಿನಿಮಾವನ್ನು ಯಾರೂ ನೋಡಬೇಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಎಂಟು ವರ್ಷದ ಒಳಗಿನ ಮಕ್ಕಳಿದ್ದು, ಒಂದೂವರೆ ಗಂಟೆ ಅವರು ನಗುತ್ತಾ ಇದ್ದರೆ ಸಾಕು ಅನ್ನುವವರು ಧೈರ್ಯವಾಗಿ ಹಾಕಿ. ಅವಳನ್ನು ಮೊದಲ ಸಲ ನೋಡುವ ಹುಡುಗಿಯೊಬ್ಬಳು 'ಈ ಅಳಿಲು ಚೆನ್ನಾಗಿದೆ' ಅಂದುಕೊಂಡರೆ ನನಗೆ ಸಂತೋಷವೇ. ಆದರೆ ಸ್ಯಾಂಡಿಯನ್ನು ಬಹಳ ದಿನದಿಂದ ಪ್ರೀತಿಸುತ್ತಾ ಬಂದವರು ಅದನ್ನು ಮೊದಲು ನೋಡಬೇಡಿ.

ಅಂಥವರಿಗೆ ನಾನು ಹೇಳುವುದು ಮೂರು ಎಪಿಸೋಡ್, ಇದೇ ಸಾಲಿನಲ್ಲಿ: 'ಟೀ ಅಟ್ ದಿ ಟ್ರೀಡೋಮ್', ಆಮೇಲೆ 'ಟೆಕ್ಸಾಸ್', ಕೊನೆಗೆ 'ಪ್ರೆಷರ್'. ಒಟ್ಟು ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಮೊದಲನೆಯದರ ಕೊನೆಯನ್ನು ಗಮನ ಇಟ್ಟು ನೋಡಿ. ಒಣಗಿ ಬಿದ್ದ ಸ್ಪಾಂಜ್‌ಬಾಬ್ ಮತ್ತು ಪ್ಯಾಟ್ರಿಕ್ ತಲೆಗೆ ಸ್ಯಾಂಡಿ ನೀರು ತುಂಬಿದ ಹೆಲ್ಮೆಟ್ ಹಾಕುತ್ತಾಳೆ. ಅವರ ಮನೆಗೆ ಹೋಗುವಾಗ ಅವಳಿಗೆ ಗಾಳಿಯ ಹೆಲ್ಮೆಟ್, ಅವಳ ಮನೆಗೆ ಬರುವಾಗ ಅವರಿಗೆ ನೀರಿನ ಹೆಲ್ಮೆಟ್. ಮೂವರೂ ಕೂತು ಚಹಾ ಕುಡಿಯುತ್ತಾರೆ.